ಭ್ರಮೆಯಲ್ಲ, ದೀಪ ಮಂಕಾದದ್ದು ನಿಜ

‘ಗ್ಯಾಸ್‌ಲೈಟ್’ ಚಿತ್ರದ ಪೌಲಾ ರಾತ್ರಿಯ ಹೊತ್ತು ತನ್ನ ಕೋಣೆಯ ಅನಿಲದೀಪ ಮಂಕಾಗುವುದನ್ನು ಕಾಣುತ್ತಾಳೆ. ಅಟ್ಟದಲ್ಲಿ ಹೆಜ್ಜೆಯ ಸಪ್ಪಳ ಕೇಳುತ್ತಾಳೆ. ಎಲ್ಲವೂ ಅವಳ ಭ್ರಮೆಯೆಂದು ಗಂಡ ನಂಬಿಸುತ್ತಾನೆ. ವಾಸ್ತವದಲ್ಲಿ ಅವನೇ ಕದ್ದು ಅಟ್ಟ ಸೇರಿ, ದೀಪ ಹೊತ್ತಿಸಿ, ತಾನು ಹಿಂದೆ ಕೊಂದ ಗಾಯಕಿಯ ಒಡವೆಗಳಿಗಾಗಿ ತಡಕಾಡುತ್ತಿರುತ್ತಾನೆ. ಮೇಲೆ ಅನಿಲ ಹರಿದಾಗ ಕೆಳಗಿನ ಜ್ವಾಲೆ ಕುಗ್ಗುತ್ತದೆ. ಪ್ಯಾಟ್ರಿಕ್ ಹ್ಯಾಮಿಲ್ಟನ್ ಅವರ 1938ರ ನಾಟಕವನ್ನು ಆಧರಿಸಿ ಜಾರ್ಜ್ ಕ್ಯೂಕರ್ 1944ರಲ್ಲಿ ನಿರ್ದೇಶಿಸಿದ ಈ ಚಿತ್ರ, ಇಂಗ್ರಿಡ್ ಬರ್ಗ್‌ಮನ್ ಅವರಿಗೆ ಮೊದಲ ಆಸ್ಕರ್ ತಂದಿತು.

1915ರ ಆಗಸ್ಟ್ 29ರಂದು ಸ್ಟಾಕ್‌ಹೋಮ್‌ನಲ್ಲಿ ಜನಿಸಿದ ಬರ್ಗ್‌ಮನ್ ಎಳವೆಯಲ್ಲೇ ತಾಯಿಯನ್ನು, ಹದಿಹರೆಯದಲ್ಲಿ ತಂದೆಯನ್ನು ಕಳೆದುಕೊಂಡರು. ಆಶ್ರಯವಿತ್ತ ಸೋದರತ್ತೆಯೂ ಕೆಲವೇ ತಿಂಗಳಲ್ಲಿ ತೀರಿಕೊಂಡರು. ಚಿತ್ರದ ಪೌಲಾಳೂ ಸಾಕಿದ ಬಂಧುವನ್ನು ಕಳೆದುಕೊಂಡ ತಬ್ಬಲಿಯೇ. ಪಾತ್ರಕ್ಕಾಗಿ ಬರ್ಗ್‌ಮನ್ ಮಾನಸಿಕ ಚಿಕಿತ್ಸಾಲಯಕ್ಕೆ ಹೋಗಿ ರೋಗಿಯೊಬ್ಬರ ನೋಟ, ಚಲನೆಗಳನ್ನು ಗಮನಿಸಿದ್ದರು. ಆದರೂ ಚಿತ್ರದಲ್ಲಿ ನಮ್ಮನ್ನು ಕಲಕುವುದು ಅವಳ ಹುಚ್ಚಲ್ಲ. ಗಂಡನನ್ನು ಸಂಶಯಿಸುವುದಕ್ಕಿಂತ ತನ್ನ ಕಣ್ಣು, ಕಿವಿಗಳನ್ನೇ ಸಂಶಯಿಸುವ ಅವಳ ವಿನಯ. ದೀಪ ಮಂಕಾದುದನ್ನು ಇನ್ನೊಬ್ಬರೂ ಕಂಡೆನೆಂದಾಗ ಆ ಮುಖದಲ್ಲಿ ಮೂಡುವ ನಿರಾಳಕ್ಕೆ ಸಂಭಾಷಣೆಯ ಅಗತ್ಯವೇ ಇಲ್ಲ.

ವಂಚಿತ ಪತ್ನಿಗಾಗಿ ಮರುಗಿದ ಅಮೆರಿಕ, ಮರುವರ್ಷ ಅವರನ್ನು ಸನ್ಯಾಸಿನಿಯಾಗಿ, 1948ರಲ್ಲಿ ಜೋನ್ ಆಫ್ ಆರ್ಕ್ ಆಗಿ ಕಂಡು ಕೈಮುಗಿಯಿತು. ಪಾತ್ರವನ್ನೇ ವ್ಯಕ್ತಿಯೆಂದು ನಂಬಿದ್ದು ಪ್ರೇಕ್ಷಕರ ತಪ್ಪು. ಬೆಲೆ ತೆತ್ತವರು ನಟಿ. ಪತಿ ಪೀಟರ್ ಲಿಂಡ್‌ಸ್ಟ್ರಾಮ್ ವೈದ್ಯರು. ಪತ್ನಿಯ ಒಪ್ಪಂದ, ಹಣಕಾಸುಗಳನ್ನೂ ಅವರೇ ನೋಡಿಕೊಳ್ಳುತ್ತಿದ್ದರು. ಅವರನ್ನು ಚಿತ್ರದ ಖಳನಿಗೆ ಹೋಲಿಸುವುದು ಅನ್ಯಾಯ. ಆದರೆ 1949ರಲ್ಲಿ ‘ಸ್ಟ್ರಾಂಬೊಲಿ’ ಚಿತ್ರೀಕರಣಕ್ಕೆ ಇಟಲಿಗೆ ತೆರಳಿದ ಬರ್ಗ್‌ಮನ್, ನಿರ್ದೇಶಕ ರೊಬೆರ್ಟೊ ರೊಸೆಲಿನಿ ಅವರನ್ನು ಪ್ರೀತಿಸಿ, ವಿಚ್ಛೇದನಕ್ಕೆ ಮೊದಲೇ ಗರ್ಭಿಣಿಯಾದಾಗ ಪೂಜಿಸಿದವರೇ ಕಲ್ಲೆತ್ತಿಕೊಂಡರು. 1950ರ ಮಾರ್ಚ್‌ನಲ್ಲಿ ಕೊಲರಾಡೊದ ಎಡ್ವಿನ್ ಜಾನ್ಸನ್ ಸೆನೆಟ್‌ನಲ್ಲೇ ಅವರನ್ನು ದೂಷಿಸಿದರು. ಒಬ್ಬ ಹೆಣ್ಣಿನ ದಾಂಪತ್ಯ ಶಾಸನಸಭೆಯ ಕಲಾಪಕ್ಕೆ ಏರಿತು! ಅದೇ ಅಪರಾಧದಲ್ಲಿ ಪಾಲುಗಾರರಾದ ಪುರುಷರು ಅಲ್ಲಿ ಎಷ್ಟು ಮಂದಿಯಿದ್ದರೋ. ಎಲ್ಲಕ್ಕಿಂತ ದುಬಾರಿಯಾದದ್ದು ಮಗಳು ಪಿಯಾಳ ಅಗಲಿಕೆ. ಮಗಳನ್ನು ಇಟಲಿಗೆ ಕರೆಸಿಕೊಳ್ಳಲು 1952ರಲ್ಲಿ ನ್ಯಾಯಾಲಯ ಒಪ್ಪಲಿಲ್ಲ.

‘ಅನಸ್ತಾಸಿಯಾ’ದ ಮೂಲಕ ಹಾಲಿವುಡ್ ಅವರನ್ನು ಮತ್ತೆ ಸ್ವೀಕರಿಸಿತು, 1957ರಲ್ಲಿ ಎರಡನೆಯ ಆಸ್ಕರ್ ಬಂತು. ಅದೇ ವರ್ಷ ಚಿತ್ರನಿರ್ಮಾಣಕ್ಕೆಂದು ಭಾರತಕ್ಕೆ ಬಂದಿದ್ದ ರೊಸೆಲಿನಿ ಸೋನಾಲಿ ದಾಸ್‌ಗುಪ್ತಾ ಅವರಲ್ಲಿ ಅನುರಕ್ತರಾದರು. ಯಾವ ದಾಂಪತ್ಯಕ್ಕಾಗಿ ಇಷ್ಟೆಲ್ಲ ಸಹಿಸಿದ್ದರೋ ಅದೂ ಮುರಿಯಿತು. 1972ರಲ್ಲಿ ಸೆನೆಟರ್ ಚಾರ್ಲ್ಸ್ ಪರ್ಸಿ ಹಳೆಯ ನಿಂದನೆಗಾಗಿ ಕ್ಷಮೆ ಕೋರಿದರು. ಅಷ್ಟು ಹೊತ್ತಿಗೆ ಇಪ್ಪತ್ತೆರಡು ವರ್ಷ ಕಳೆದಿತ್ತು.

ಮೂರನೆಯ ಆಸ್ಕರ್, ಇಂಗ್ಮರ್ ಬರ್ಗ್‌ಮನ್ ಅವರ ‘ಆಟಮ್ ಸೊನಾಟ’, ಆಮೇಲೆ ಸ್ತನ ಕ್ಯಾನ್ಸರ್‌ನ ನಡುವೆಯೇ ಟೆಲಿವಿಷನ್‌ಗಾಗಿ ಗೋಲ್ಡಾ ಮೆಯರ್ ಪಾತ್ರ. 1982ರ ಆಗಸ್ಟ್ 29ರಂದು, 67ನೆಯ ಹುಟ್ಟುಹಬ್ಬದ ದಿನ, ಲಂಡನ್‌ನಲ್ಲಿ ಕೊನೆಯುಸಿರೆಳೆದರು. ಗೋಲ್ಡಾ ಪಾತ್ರಕ್ಕೆ ಸಂದ ಎಮ್ಮಿ ಪ್ರಶಸ್ತಿಯನ್ನು ಅವರ ಪರವಾಗಿ ಸ್ವೀಕರಿಸಿದವರು ಪಿಯಾ.