ಫೌಸ್ಟೊ ಕೊಪ್ಪಿ: ಒಂಟಿಯಾಗಿ ಗೆದ್ದವರ ಹಿಂದೆ ಇದ್ದವರು



ಕ್ರಿಕೆಟ್ ಮತ್ತು ಫುಟ್‌ಬಾಲ್ ಆಟಗಾರರ ಬಗ್ಗೆ ನಾವೆಲ್ಲ ದಿನವೂ ಮಾತಾಡುತ್ತೇವೆ. ಈ ಸಲ ನಾನು ಒಬ್ಬ ಸೈಕಲ್ ಸವಾರರ ಬದುಕನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ. ಅವರ ಹೆಸರು ಫೌಸ್ಟೊ ಕೊಪ್ಪಿ, ಊರು ಇಟಲಿ. ಅವರು ತೀರಿಕೊಂಡು ಅರವತ್ತು ವರ್ಷಗಳ ಮೇಲಾಯಿತು.

ಜುಲೈ ತಿಂಗಳಲ್ಲಿ ಟೂರ್ ದ ಫ್ರಾನ್ಸ್ ಶುರುವಾದರೆ ಭಾಯಿಜಾನ್ ಮತ್ತು ನಾನು ಮೊಬೈಲಿನಲ್ಲಿ ಬೆಟ್ಟದ ಹಂತಗಳನ್ನು ನೋಡುತ್ತೇವೆ. ಯಾರು ಎಲ್ಲಿ ಮುನ್ನುಗ್ಗಬೇಕಿತ್ತು, ಯಾರು ಅವಸರ ಮಾಡಿದರು ಎಂದು ವಾದ ನಡೆಯುತ್ತಲೇ ಇರುತ್ತದೆ. ಭಾಯಿಜಾನ್ ಪ್ರಕಾರ ಬೆಟ್ಟದಲ್ಲಿ ಕಾಲಿನ ಬಲ ಒಂದೇ ಲೆಕ್ಕಕ್ಕೆ ಬರುವುದು, ತಂಡದ ಕೆಲಸವೆಲ್ಲ ಸಮತಟ್ಟಾದ ರಸ್ತೆಯಲ್ಲಿ ಮಾತ್ರ. ನಾನು ಒಪ್ಪುವುದಿಲ್ಲ. ನನ್ನ ಪರವಾಗಿ ನಾನು ಕೊಡುವ ಸಾಕ್ಷಿಯೇ ಕೊಪ್ಪಿ. ಬೆಟ್ಟದಲ್ಲಿ ಅವರಷ್ಟು ದೂರ ಒಂಟಿಯಾಗಿ ಹೋಗಿ ಗೆದ್ದವರು ಬಹಳ ಕಡಿಮೆ. ಆದರೆ ಅವರ ಲೆಕ್ಕದ ಪುಸ್ತಕ ತೆರೆದು ನೋಡಿದರೆ ಸಾಲ ಕೊಟ್ಟವರ ಹೆಸರುಗಳೇ ತುಂಬಿವೆ.

ಮೊದಲು ಆಟದ ಲೆಕ್ಕ ಸ್ವಲ್ಪ ಹೇಳಬೇಕು. ಸೈಕಲ್ ಸವಾರನ ದೊಡ್ಡ ಶತ್ರು ಗಾಳಿ. ಮುಂದೆ ಇರುವವನು ಗಾಳಿಯನ್ನು ಸೀಳುತ್ತಾನೆ. ಅವನ ಚಕ್ರಕ್ಕೆ ಅಂಟಿಕೊಂಡಂತೆ ಹಿಂದೆ ಬರುವವನಿಗೆ ಸಮತಟ್ಟಾದ ರಸ್ತೆಯಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಶ್ರಮ ಉಳಿಯುತ್ತದೆ. ಅದಕ್ಕೇ ಎಲ್ಲರೂ ಗುಂಪಾಗಿ ಹೋಗುವುದು. ಬೆಟ್ಟ ಏರುವಾಗ ವೇಗ ಇಳಿಯುತ್ತದೆ, ಗಾಳಿಯ ತಡೆ ಕಡಿಮೆಯಾಗುತ್ತದೆ, ಹಿಂದೆ ಅಡಗಿಕೊಂಡವನಿಗೆ ಸಿಗುವ ಲಾಭವೂ ಕಡಿಮೆಯಾಗುತ್ತದೆ. ಅಲ್ಲಿ ಬಲಶಾಲಿ ಬೇರೆಯಾಗುತ್ತಾನೆ. ಆದರೆ ಬೆಟ್ಟದ ಬುಡ ಮುಟ್ಟುವ ತನಕ ಅವನ ಶಕ್ತಿಯನ್ನು ಉಳಿಸಿ ಕೊಡುವವರು ಬೇರೆಯವರು. ಗಾಳಿಗೆ ಮುಖ ಕೊಡುವುದು, ನೀರು ತರುವುದು, ಚಕ್ರ ಪಂಕ್ಚರ್ ಆದರೆ ತನ್ನ ಚಕ್ರ ಬಿಚ್ಚಿ ಕೊಡುವುದು, ಇವೆಲ್ಲ ಅವರ ಕೆಲಸ. ಇಟಲಿಯವರು ಇಂಥವರನ್ನು ಗ್ರೆಗಾರಿಯೊ ಎನ್ನುತ್ತಾರೆ. ಹಿಂಡಿನಲ್ಲಿ ಒಬ್ಬ ಎಂಬುದು ಆ ಪದದ ಮೂಲ. ನಮ್ಮ ಮನೆಯ ಉರ್ದುವಿನಲ್ಲಿ ಹೇಳುವುದಾದರೆ ನಾನು ಹಮ್‌ಸಫರ್ ಎನ್ನುತ್ತೇನೆ.

ಕೊಪ್ಪಿ ಹುಟ್ಟಿದ್ದು 15 ಸೆಪ್ಟೆಂಬರ್ 1919ರಂದು, ವಾಯವ್ಯ ಇಟಲಿಯ ಪಿಯೆಮಾಂಟ್ ಪ್ರಾಂತ್ಯದ ಕಾಸ್ಟೆಲ್ಲಾನಿಯಾ ಎಂಬ ಗುಡ್ಡದ ಮೇಲಿನ ಸಣ್ಣ ಹಳ್ಳಿಯಲ್ಲಿ. ರೈತರ ಮನೆ, ಐವರು ಮಕ್ಕಳು. ಶಾಲೆಯಲ್ಲಿ ಮನಸ್ಸು ನಿಲ್ಲಲಿಲ್ಲ. ಹುಡುಗನಾಗಿದ್ದಾಗಲೇ ನೋವಿ ಲಿಗುರೆ ಪಟ್ಟಣದ ಒಂದು ಮಾಂಸದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ, ಗಿರಾಕಿಗಳ ಮನೆಗೆ ಸೈಕಲ್ ಮೇಲೆ ಸಾಮಾನು ತಲುಪಿಸುತ್ತಿದ್ದರು. ಹಡಗಿನಲ್ಲಿ ಕೆಲಸ ಮಾಡುತ್ತಿದ್ದ ಚಿಕ್ಕಪ್ಪ ಕೊಟ್ಟ ಹಣದಿಂದ ಒಳ್ಳೆಯ ಸೈಕಲ್ ಬಂತು. ಲೆಡ್ಜರಿನ ಮೊದಲ ಹೆಸರು ಆ ಚಿಕ್ಕಪ್ಪನದು.

ಎರಡನೇ ಹೆಸರು ಬಿಯಾಜೊ ಕವನ್ನಾ ಅವರದು. ಅವರು ಅದೇ ಪಟ್ಟಣದಲ್ಲಿ ಸೈಕಲ್ ಸವಾರರಿಗೆ ಮಾಲೀಶ್ ಮಾಡುತ್ತಿದ್ದವರು, ತರಬೇತಿ ಕೊಡುತ್ತಿದ್ದವರು. ಅವರಿಗೆ ಕಣ್ಣು ಕಾಣುತ್ತಿರಲಿಲ್ಲ. ಬೆರಳುಗಳಿಂದಲೇ ಸ್ನಾಯು ಮುಟ್ಟಿ ಹುಡುಗರ ಸಾಮರ್ಥ್ಯ ಅಳೆಯುತ್ತಿದ್ದರು. ಉದ್ದ ಕಾಲು, ಕಿರಿದಾದ ಭುಜ, ಬೇಗ ಮುರಿಯುವ ಎಲುಬು ಇದ್ದ ಕೊಪ್ಪಿಯನ್ನು ನೋಡಿದವರಿಗೆ ಕ್ರೀಡಾಪಟು ಎಂದು ಅನಿಸುತ್ತಿರಲಿಲ್ಲ. ನೋಡಲಾಗದ ಕವನ್ನಾ ಅವರಿಗೆ ಗೊತ್ತಾಯಿತು. ಊಟ, ನಿದ್ದೆ, ಅಭ್ಯಾಸ ಎಲ್ಲವನ್ನೂ ಅವರೇ ತಿದ್ದಿದರು. ಕೊಪ್ಪಿ ಕೊನೆಯವರೆಗೂ ಅವರ ಶಿಷ್ಯರಾಗಿಯೇ ಉಳಿದರು.

1940ರಲ್ಲಿ ಇಪ್ಪತ್ತು ವರ್ಷದ ಕೊಪ್ಪಿ ಲೆನ್ಯಾನೊ ತಂಡ ಸೇರಿದರು. ಅಲ್ಲಿ ನಾಯಕ ಜಿನೊ ಬಾರ್ತಾಲಿ, 1938ರ ಟೂರ್ ಗೆದ್ದಿದ್ದವರು. ಕೊಪ್ಪಿಯ ಕೆಲಸ ಅವರ ಗ್ರೆಗಾರಿಯೊ ಆಗಿರುವುದು. ಆ ವರ್ಷದ ಜೀರೊ ದ ಇಟಾಲಿಯಾ, ಅಂದರೆ ಇಟಲಿ ಸುತ್ತುವ ದೊಡ್ಡ ರೇಸಿನ ಎರಡನೇ ದಿನವೇ ಒಂದು ನಾಯಿ ಅಡ್ಡ ಬಂದು ಬಾರ್ತಾಲಿ ಬಿದ್ದು ಗಾಯಗೊಂಡರು. ಹನ್ನೊಂದನೇ ಹಂತದಲ್ಲಿ ಕೆಟ್ಟ ಮಳೆಯ ನಡುವೆ ಅಬೆಟೋನೆ ಘಾಟಿಯಲ್ಲಿ ಕೊಪ್ಪಿ ಎಲ್ಲರನ್ನೂ ಬಿಟ್ಟು ಹೋಗಿ, ಮುಂದಿದ್ದವರು ತೊಡುವ ಗುಲಾಬಿ ಜೆರ್ಸಿ ತೊಟ್ಟರು. ಆಮೇಲೆ ಪರ್ವತಗಳಲ್ಲಿ ಹುಡುಗ ಸೋತು ಕುಸಿಯುವ ಹೊತ್ತಿಗೆ ಪಕ್ಕದಲ್ಲಿ ನಿಂತು, ಗದರಿಸಿ, ಹುರಿದುಂಬಿಸಿ ಮೇಲೆ ಹತ್ತಿಸಿದವರು ಅದೇ ಬಾರ್ತಾಲಿ. ನಾಯಕ ತನ್ನ ಸಹಾಯಕನಿಗೆ ಸಹಾಯಕನಾದ. ಕೊಪ್ಪಿ ಗೆದ್ದರು. ರೇಸ್ ಮುಗಿದದ್ದು ಜೂನ್ 9. ಮರುದಿನ ಇಟಲಿ ಯುದ್ಧಕ್ಕೆ ಇಳಿಯಿತು.

ಯುದ್ಧ ಒಬ್ಬ ಕ್ರೀಡಾಪಟುವಿನ ಒಳ್ಳೆಯ ವರ್ಷಗಳನ್ನು ತಿಂದುಹಾಕಿತು. 1942ರ ನವೆಂಬರಿನಲ್ಲಿ ಮಿಲಾನಿನ ಟ್ರ್ಯಾಕ್ ಮೇಲೆ ಒಂದು ಗಂಟೆಯಲ್ಲಿ 45 ಕಿ.ಮೀ.ಗಿಂತ ಹೆಚ್ಚು ದೂರ ಓಡಿಸಿ ವಿಶ್ವ ದಾಖಲೆ ಮಾಡಿದ ಕೊಪ್ಪಿಯನ್ನು ಮುಂದಿನ ವರ್ಷ ಸೈನಿಕನಾಗಿ ಉತ್ತರ ಆಫ್ರಿಕಾಕ್ಕೆ ಕಳಿಸಲಾಯಿತು. ಏಪ್ರಿಲ್ 1943ರಲ್ಲಿ ಟುನಿಷಿಯಾದಲ್ಲಿ ಬ್ರಿಟಿಷರ ಕೈಗೆ ಸಿಕ್ಕಿ ಯುದ್ಧಕೈದಿಯಾದರು.

1946ರಲ್ಲಿ ಮಿಲಾನ್–ಸಾನ್ ರೆಮೊ ರೇಸ್ ಮತ್ತೆ ನಡೆಯಿತು. ಸುಮಾರು 290 ಕಿ.ಮೀ. ದೂರದ ಆ ರೇಸಿನಲ್ಲಿ ಕೊಪ್ಪಿ ಆರಂಭದಲ್ಲೇ ಕೆಲವರ ಜೊತೆ ಮುಂದೆ ಹೋದರು, ತುರ್ಕೀನೊ ಘಾಟಿಯಲ್ಲಿ ಉಳಿದವರನ್ನೂ ಬಿಟ್ಟರು, 14 ನಿಮಿಷಗಳ ಅಂತರದಲ್ಲಿ ಗೆದ್ದರು. ಆಗಲೇ ಅವರು ಬಾರ್ತಾಲಿಯ ತಂಡ ಬಿಟ್ಟು ಬಿಯಾಂಕಿ ತಂಡ ಸೇರಿಯಾಗಿತ್ತು. ಇಟಲಿ ಎರಡು ಪಾಲಾಯಿತು. ಒಂದು ಕಡೆ ಬಾರ್ತಾಲಿಯವರ ಅಭಿಮಾನಿಗಳು, ಇನ್ನೊಂದು ಕಡೆ ಕೊಪ್ಪಿಯವರ ಅಭಿಮಾನಿಗಳು. 1948ರ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಒಬ್ಬರು ಗೆಲ್ಲಬಾರದೆಂದು ಇನ್ನೊಬ್ಬರು ಕಾಯುತ್ತಾ ಕೂತು, ಕೊನೆಗೆ ಇಬ್ಬರೂ ರೇಸ್ ಬಿಟ್ಟು ಇಳಿದರು. ಒಂದೇ ದೇಶದ ಜೆರ್ಸಿ ತೊಟ್ಟಿದ್ದ ಇಬ್ಬರಿಗೂ ಅವರ ಒಕ್ಕೂಟ ಶಿಕ್ಷೆ ವಿಧಿಸಿತು. ನನ್ನ ಲೆಕ್ಕದಲ್ಲಿ ಇದು ಇಬ್ಬರಿಗೂ ನಷ್ಟದ ವರ್ಷ.

ಮರುವರ್ಷವೇ ಕೊಪ್ಪಿಯವರ ಅತಿ ದೊಡ್ಡ ದಿನ ಬಂತು. 10 ಜೂನ್ 1949, ಜೀರೊದ ಕೂನಿಯೊ–ಪಿನೆರೋಲೊ ಹಂತ. ದೂರ 254 ಕಿ.ಮೀ., ದಾರಿಯಲ್ಲಿ ಐದು ಘಾಟಿಗಳು: ಮದ್ದಲೇನಾ, ವಾರ್ಸ್, ಇಜೋವಾ, ಮೊಂಜೆನೆವ್ರ್, ಸೆಸ್ಟ್ರಿಯೆರೆ. ಸಾಮಾನ್ಯವಾಗಿ ನಾಯಕರು ಕೊನೆಯ ಏರಿಗೆ ಕಾಯುತ್ತಾರೆ. ಕೊಪ್ಪಿ ಮೊದಲ ಘಾಟಿಯಲ್ಲೇ ಹೊರಟುಬಿಟ್ಟರು. 192 ಕಿ.ಮೀ. ಒಬ್ಬರೇ ಓಡಿಸಿದರು. ಎರಡನೆಯವರಾಗಿ ಬಂದ ಬಾರ್ತಾಲಿ 11 ನಿಮಿಷ 52 ಸೆಕೆಂಡ್ ಹಿಂದಿದ್ದರು. ಭಾಯಿಜಾನ್ ತನ್ನ ವಾದಕ್ಕೆ ಹಿಡಿದುಕೊಳ್ಳುವುದು ಇದೇ ದಿನವನ್ನು. ಇಲ್ಲಿ ತಂಡ ಎಲ್ಲಿದೆ ಎನ್ನುತ್ತಾನೆ.

ಅದಕ್ಕೆ ಉತ್ತರ ಅದೇ ವರ್ಷದ ಟೂರ್‌ನಲ್ಲಿದೆ. ಆಗ ಟೂರ್‌ನಲ್ಲಿ ದೇಶಗಳ ತಂಡಗಳು ಸ್ಪರ್ಧಿಸುತ್ತಿದ್ದವು. ಹಾಗಾಗಿ ಕೊಪ್ಪಿ, ಬಾರ್ತಾಲಿ ಒಂದೇ ತಂಡ. ಐದನೇ ಹಂತದಲ್ಲಿ ಕೊಪ್ಪಿ ಬಿದ್ದರು, ಸೈಕಲ್ ಮುರಿಯಿತು, ಮನಸ್ಸೂ ಮುರಿದು ಮನೆಗೆ ಹೋಗುತ್ತೇನೆಂದು ಹಟ ಹಿಡಿದರು. ಒಟ್ಟು ಲೆಕ್ಕದಲ್ಲಿ ಅರ್ಧ ಗಂಟೆಗಿಂತ ಹೆಚ್ಚು ಹಿಂದೆ ಬಿದ್ದಿದ್ದರು. ತಂಡದ ವ್ಯವಸ್ಥಾಪಕ ಅಲ್ಫ್ರೆಡೊ ಬಿಂದಾ ಸಮಾಧಾನ ಹೇಳಿ ನಿಲ್ಲಿಸಿಕೊಂಡರು. ಆಲ್ಪ್ಸ್ ಪರ್ವತಗಳಲ್ಲಿ ಕೊಪ್ಪಿ ಮತ್ತು ಬಾರ್ತಾಲಿ ಜೊತೆಯಾಗಿ ಎಲ್ಲರನ್ನೂ ಬಿಟ್ಟು ಹೋದರು. ಬ್ರಿಯಾನ್ಸೊನ್‌ನಲ್ಲಿ ಮುಗಿದ ಹಂತವನ್ನು ಕೊಪ್ಪಿ ಬಾರ್ತಾಲಿಗೆ ಬಿಟ್ಟುಕೊಟ್ಟರು. ಅಂದು ಜುಲೈ 18, ಬಾರ್ತಾಲಿಯವರ 35ನೇ ಹುಟ್ಟುಹಬ್ಬ. ಮರುದಿನ ಬಾರ್ತಾಲಿ ತೊಂದರೆಗೆ ಸಿಕ್ಕಾಗ ಕೊಪ್ಪಿ ಮೊದಲು ಕಾದರು, ಆಮೇಲೆ ಬಿಂದಾ ಅವರ ಸೂಚನೆಯಂತೆ ಮುಂದೆ ಹೋಗಿ ಹಳದಿ ಜೆರ್ಸಿ ಪಡೆದರು. ಪ್ಯಾರಿಸ್ಸಿನಲ್ಲಿ ಕೊಪ್ಪಿ ಮೊದಲು, ಬಾರ್ತಾಲಿ ಎರಡನೆಯವರು. ಒಂದೇ ವರ್ಷ ಜೀರೊ ಮತ್ತು ಟೂರ್ ಎರಡನ್ನೂ ಗೆದ್ದ ಮೊದಲ ವ್ಯಕ್ತಿ ಕೊಪ್ಪಿ. 2024ರಲ್ಲಿ ತದೇಯ್ ಪೊಗಾಚಾರ್ ಗೆದ್ದ ತನಕ ಲೆಕ್ಕ ಹಾಕಿದರೂ ಈ ಸಾಧನೆ ಮಾಡಿದವರು ಎಂಟೇ ಮಂದಿ. ಅಂದು ಮನೆಗೆ ಹೊರಟ ಮನುಷ್ಯನನ್ನು ಯಾರೂ ತಡೆಯದಿದ್ದರೆ ಆ ವರ್ಷ ಈ ಸಾಧನೆ ಆಗುತ್ತಿರಲಿಲ್ಲ.

ಕೊಪ್ಪಿಗೆ ಸೆರ್ಸೆ ಎಂಬ ತಮ್ಮನಿದ್ದ. ಅವನೂ ಸವಾರನೇ. ಅಣ್ಣನಷ್ಟು ಬಲಶಾಲಿಯಲ್ಲ, ಆದರೆ ನಗುಮುಖದವನು. ಅಣ್ಣ ಮಂಕಾದಾಗ ಎಬ್ಬಿಸುವವನು ಅವನೇ. 29 ಜೂನ್ 1951ರಂದು ಟೂರಿನ್ ನಗರದಲ್ಲಿ ರೇಸ್ ಮುಗಿಯುವ ಹೊತ್ತಿಗೆ ಸೆರ್ಸೆಯ ಚಕ್ರ ಟ್ರಾಮ್ ಹಳಿಗೆ ಸಿಕ್ಕಿಕೊಂಡು ಬಿದ್ದ. ಎದ್ದು ಹೋಟೆಲಿಗೆ ಹೋದ. ಏನೂ ಆಗಿಲ್ಲವೆಂದು ಎಲ್ಲರೂ ಅಂದುಕೊಂಡರು. ಮೆದುಳಿನಲ್ಲಿ ರಕ್ತಸ್ರಾವವಾಗಿ ಅದೇ ದಿನ ತೀರಿಕೊಂಡ. ಕೆಲವೇ ದಿನಗಳಲ್ಲಿ ಟೂರ್ ಆರಂಭ. ಕೊಪ್ಪಿ ಹೋದರು, ಆದರೆ ಮೋಂಪೆಲಿಯೆ ಹಂತದಲ್ಲಿ ಪೂರ್ತಿ ಕುಸಿದರು. ಅರ್ಧ ಗಂಟೆಗೂ ಹೆಚ್ಚು ಹಿಂದೆ ಬಿದ್ದ ಅವರನ್ನು ತಂಡದ ಗೆಳೆಯರು ಸುತ್ತುವರಿದು, ರೇಸಿನಿಂದ ಹೊರಬೀಳದಂತೆ ಕೊನೆ ಮುಟ್ಟಿಸಿದರು. ಗೆಲ್ಲುವವನಿಗೆ ನೀರು ತಂದುಕೊಡುವುದು ಸುಲಭ. ಸೋತವನ ಜೊತೆ ನಿಲ್ಲುವುದು ಕಷ್ಟ.

1952ರಲ್ಲಿ ಟೂರ್ ಮೊದಲ ಬಾರಿಗೆ ಪರ್ವತದ ತುದಿಯಲ್ಲಿ ಹಂತಗಳನ್ನು ಮುಗಿಸಿತು. ಅಲ್ಪ್ ದ್ಯುಯೆಜ್, ಸೆಸ್ಟ್ರಿಯೆರೆ, ಪ್ವಿ ದ ದೋಮ್, ಮೂರನ್ನೂ ಕೊಪ್ಪಿ ಗೆದ್ದರು. ನನಗೆ ಹೆಚ್ಚು ಇಷ್ಟವಾದದ್ದು ಅಲ್ಪ್ ದ್ಯುಯೆಜ್‌ಗೆ ಹಿಂದಿನ ದಿನದ ಕಥೆ. ಆಂದ್ರೆಯಾ ಕರ್ರೆಯಾ ಎಂಬ ಗ್ರೆಗಾರಿಯೊ, ಮಹಾಯುದ್ಧದಲ್ಲಿ ನಾಜಿಗಳ ಬುಕೆನ್‌ವಾಲ್ಡ್ ಶಿಬಿರದಿಂದ ಜೀವಂತ ಬಂದವರು. ಮುಂದೆ ಓಡಿದ ಒಂದು ಗುಂಪಿನ ಮೇಲೆ ಕಣ್ಣಿಡಲು ಕೊಪ್ಪಿಯ ಪರವಾಗಿ ಜೊತೆಗೆ ಹೋಗಿದ್ದರು. ಲೊಸಾನ್ ತಲುಪಿದಾಗ ಹಳದಿ ಜೆರ್ಸಿ ತಮಗೇ ಬಂದಿದೆ ಎಂದು ಗೊತ್ತಾಗಿ ಅವರು ಅತ್ತರು. ಖುಷಿಗಲ್ಲ, ನಾಯಕರ ಜಾಗ ಕಸಿದುಕೊಂಡೆನೇನೋ ಎಂಬ ಭಯಕ್ಕೆ. ಕೊಪ್ಪಿ ಬಂದು ಅಭಿನಂದಿಸಿದರು. ಮರುದಿನ 21 ತಿರುವುಗಳ ಆ ಏರಿನಲ್ಲಿ ಗೆದ್ದು ಜೆರ್ಸಿ ತಾವೇ ಪಡೆದರು. ಕೊನೆಗೆ ಟೂರ್ ಗೆದ್ದದ್ದು 28 ನಿಮಿಷಗಳ ಅಂತರದಲ್ಲಿ. ಇತಿಹಾಸದಲ್ಲಿ ಕರ್ರೆಯಾ ಅವರ ಪಾಲಿಗೆ ಬಂದದ್ದು ಒಂದೇ ಒಂದು ದಿನದ ಹಳದಿ ಜೆರ್ಸಿ. ಅದೇ ಟೂರ್‌ನ ಒಂದು ಫೋಟೋದಲ್ಲಿ ಗಾಲಿಬಿಯೇ ಘಾಟಿಯ ಮೇಲೆ ಕೊಪ್ಪಿ, ಬಾರ್ತಾಲಿ ಇಬ್ಬರ ಕೈಯಲ್ಲೂ ಒಂದೇ ನೀರಿನ ಬಾಟಲಿ ಇದೆ. ಯಾರು ಯಾರಿಗೆ ಕೊಟ್ಟರು ಎಂದು ಇಟಲಿಯಲ್ಲಿ ಇಂದಿಗೂ ವಾದ ಮಾಡುತ್ತಾರೆ.

1953ರಲ್ಲಿ ಸ್ಟೆಲ್ವಿಯೊ ಘಾಟಿಯ ಏರಿನಲ್ಲಿ ಹ್ಯೂಗೊ ಕೋಬ್ಲೆಟ್ ಅವರನ್ನು ಹಿಂದಿಕ್ಕಿ ಐದನೇ ಜೀರೊ ಗೆದ್ದರು. ಅದೇ ವರ್ಷ ವಿಶ್ವ ಚಾಂಪಿಯನ್ ಆದರು. ನಾನು ಅವರನ್ನು ಸಂತ ಎಂದು ಬರೆಯುತ್ತಿಲ್ಲ. ಉತ್ತೇಜಕ ಮಾತ್ರೆ ತೆಗೆದುಕೊಳ್ಳುತ್ತಿದ್ದುದನ್ನು ಅವರೇ ಬಹಿರಂಗವಾಗಿ ಒಪ್ಪಿದ್ದರು. ಆ ಕಾಲದಲ್ಲಿ ಅದಕ್ಕೆ ನಿಷೇಧವಿರಲಿಲ್ಲ. ಆದರೂ ಅದು ಸರಿ ಎಂದು ನಾನು ಹೇಳಲಾರೆ. ಹೆಂಡತಿ, ಮಗಳನ್ನು ಬಿಟ್ಟು ಬೇರೊಬ್ಬರ ಪತ್ನಿಯ ಜೊತೆ ಬಾಳಲು ಹೋದದ್ದಕ್ಕೆ ಕೋರ್ಟು ಮೆಟ್ಟಿಲು ಹತ್ತಬೇಕಾಯಿತು, ದೇಶದ ಅರ್ಧ ಜನ ಮುಖ ತಿರುಗಿಸಿದರು. ಆ ಮನೆಯವರ ನೋವನ್ನೂ ಲೆಕ್ಕದಿಂದ ಬಿಡಬಾರದು.

ಡಿಸೆಂಬರ್ 1959ರಲ್ಲಿ ಕೊಪ್ಪಿ ಕೆಲವು ಸವಾರರ ಜೊತೆ ಆಫ್ರಿಕಾದ ಅಪ್ಪರ್ ವೋಲ್ಟಾಕ್ಕೆ, ಅಂದರೆ ಇಂದಿನ ಬುರ್ಕಿನಾ ಫಾಸೊಗೆ, ಒಂದು ಪ್ರದರ್ಶನ ರೇಸಿಗೂ ಬೇಟೆಗೂ ಹೋದರು. ಫ್ರಾನ್ಸಿನ ರಫಾಯೆಲ್ ಜೆಮಿನಿಯಾನಿ ಮತ್ತು ಅವರು ಒಂದೇ ಕೋಣೆಯಲ್ಲಿ ಮಲಗಿದ್ದರು. ಊರಿಗೆ ಮರಳಿದ ಮೇಲೆ ಇಬ್ಬರಿಗೂ ಜ್ವರ ಬಂತು. ಫ್ರಾನ್ಸಿನಲ್ಲಿ ಜೆಮಿನಿಯಾನಿಯವರ ರಕ್ತ ಪರೀಕ್ಷೆ ಮಾಡಿಸಿದರು, ಮಲೇರಿಯಾ ಎಂದು ತಿಳಿಯಿತು, ಕ್ವಿನೈನ್ ಕೊಟ್ಟರು, ಉಳಿದುಕೊಂಡರು. ಅವರ ಮನೆಯವರು ಇಟಲಿಗೆ ಫೋನ್ ಮಾಡಿ ಇದು ಮಲೇರಿಯಾ ಇರಬಹುದು ಎಂದು ಎಚ್ಚರಿಸಿದರು. ಇಟಲಿಯ ವೈದ್ಯರು ಕಿವಿಗೊಡಲಿಲ್ಲ. 2 ಜನವರಿ 1960ರಂದು ಟೊರ್ಟೋನಾ ಆಸ್ಪತ್ರೆಯಲ್ಲಿ ಕೊಪ್ಪಿ ತೀರಿಕೊಂಡರು. ವಯಸ್ಸು ಬರೀ 40. ಜೆಮಿನಿಯಾನಿ 2024ರವರೆಗೆ, 99 ವರ್ಷ ಬದುಕಿದರು.

ಸೊಳ್ಳೆಯಿಂದ ಮಲೇರಿಯಾ ಹರಡುತ್ತದೆ ಎಂಬ ಸುಳಿವನ್ನು ರೊನಾಲ್ಡ್ ರಾಸ್ ಕಂಡುಕೊಂಡದ್ದು 1897ರಲ್ಲಿ, ನಮ್ಮ ಪಕ್ಕದ ಸಿಕಂದರಾಬಾದಿನಲ್ಲಿ. ಅದಾಗಿ ಅರವತ್ತು ವರ್ಷ ಕಳೆದಿದ್ದರೂ, ಔಷಧಿ ಇದ್ದರೂ, ಎಚ್ಚರಿಕೆ ತಲುಪಿದ್ದರೂ ಒಬ್ಬ ಮನುಷ್ಯ ಉಳಿಯಲಿಲ್ಲ. ಜೀವನವಿಡೀ ಯಾರೋ ಒಬ್ಬರು ಗಾಳಿ ತಡೆದು, ಗದರಿಸಿ, ಸಮಾಧಾನ ಹೇಳಿ ಅವರನ್ನು ಮುಂದಕ್ಕೆ ತಂದಿದ್ದರು. ಕೊನೆಯ ಸಲವೂ ಜೊತೆಗಾರನ ಮನೆಯವರು ಕೂಗಿದರು. ಕೇಳಿಸಿಕೊಳ್ಳುವವರು ಇರಲಿಲ್ಲ.

ನಮ್ಮ ಕಾಲೇಜಿನಲ್ಲೂ ಫಲಿತಾಂಶದ ದಿನ ಬೋರ್ಡಿನ ಮೇಲೆ ಬರುವುದು ಒಂದೇ ಹೆಸರು. ನೋಟ್ಸ್ ಕೊಟ್ಟವರು, ಜ್ವರ ಬಂದಾಗ ಮನೆಗೆ ಬಿಟ್ಟು ಬಂದವರು, ಕಾಲೇಜು ಬಿಡುತ್ತೇನೆ ಎಂದಾಗ ತಡೆದವರು ಆ ಬೋರ್ಡಿನಲ್ಲಿ ಇರುವುದಿಲ್ಲ. ಡಬಲ್ ಎಂಟ್ರಿ ಪದ್ಧತಿಯಲ್ಲಿ ಒಂದು ಕಡೆ ಬರೆದರೆ ಇನ್ನೊಂದು ಕಡೆಯೂ ಬರೆಯಲೇಬೇಕು. ಗೆಲುವಿನ ಲೆಕ್ಕವನ್ನೂ ಹಾಗೆಯೇ ಬರೆಯೋಣ.

2019ರಲ್ಲಿ, ಕೊಪ್ಪಿ ಹುಟ್ಟಿ ನೂರು ವರ್ಷವಾದಾಗ, ಅವರ ಹಳ್ಳಿ ತನ್ನ ಹೆಸರನ್ನು ಕಾಸ್ಟೆಲ್ಲಾನಿಯಾ ಕೊಪ್ಪಿ ಎಂದು ಬದಲಿಸಿಕೊಂಡಿತು. ಅಲ್ಲಿ ಅವರ ಸಮಾಧಿ ಇದೆ. ಪಕ್ಕದಲ್ಲೇ ತಮ್ಮ ಸೆರ್ಸೆ ಮಲಗಿದ್ದಾನೆ.