ಕಮಲಾ ಸೊಹೊನಿ: ನಿರಾಕರಣೆಯ ಆಚೆಗಿನ ಕೆಲಸ

ಅಭ್ಯಾಸ ಬೋಧನೆಯಲ್ಲಿ ವಿಜ್ಞಾನದ ಪ್ರಶಿಕ್ಷಣಾರ್ಥಿಗಳು ಪಾಠದ ಪೀಠಿಕೆಗೆ ವಿಜ್ಞಾನಿಗಳ ಜೀವನದಿಂದ ಒಂದು ಪ್ರಸಂಗ ಆರಿಸಿಕೊಳ್ಳುವುದುಂಟು. ಕಮಲಾ ಸೊಹೊನಿಯವರ ಹೆಸರು ಬಂದರೆ ಪ್ರಸಂಗ ಯಾವುದೆಂದು ನನಗೆ ಮೊದಲೇ ತಿಳಿದಿರುತ್ತದೆ: ಸರ್ ಸಿ.ವಿ. ರಾಮನ್ ಆಕೆಗೆ ಪ್ರವೇಶ ಕೊಡದಿದ್ದದ್ದು. ಮಕ್ಕಳಿಗೆ ಅನುಕಂಪ ಹುಟ್ಟುತ್ತದೆ, ಪಾಠದ ಶೀರ್ಷಿಕೆ ಕಪ್ಪುಹಲಗೆಗೆ ಬರುತ್ತದೆ, ಕಮಲಾ ಸಂಸ್ಥೆಯ ಬಾಗಿಲಲ್ಲೇ ನಿಂತುಬಿಡುತ್ತಾರೆ. ಆಕೆ ಏನು ಕಂಡುಹಿಡಿದರು ಎಂದು ಪಾಠದ ನಂತರ ಕೇಳಿದರೆ ಪ್ರಶಿಕ್ಷಣಾರ್ಥಿಯ ಬಳಿಯೂ ಉತ್ತರವಿರುವುದಿಲ್ಲ. ಆ ಉಳಿದ ಭಾಗಕ್ಕಾಗಿ ಇದನ್ನು ಬರೆಯುತ್ತಿದ್ದೇನೆ.

ಕಮಲಾ ಭಾಗವತ್ ಇಂದೋರ್‌ನಲ್ಲಿ ಹುಟ್ಟಿದವರು. ತಂದೆ ನಾರಾಯಣರಾವ್, ತಂದೆಯ ಸಹೋದರ ಮಾಧವರಾವ್ ಇಬ್ಬರೂ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ ಓದಿದ ರಸಾಯನವಿಜ್ಞಾನಿಗಳು. 1933ರಲ್ಲಿ ಮುಂಬೈ ವಿಶ್ವವಿದ್ಯಾಲಯದಿಂದ ಬಿ.ಎಸ್ಸಿ. ಮುಗಿಸಿದ ಮಗಳೂ ಅಲ್ಲಿಗೇ ಅರ್ಜಿ ಹಾಕಿದರು. ಹೆಣ್ಣೆಂಬ ಕಾರಣಕ್ಕೆ ನಿರ್ದೇಶಕರಾದ ರಾಮನ್ ಒಪ್ಪಲಿಲ್ಲ. ಕಮಲಾ ಬಿಡಲಿಲ್ಲ. ಕೊನೆಗೆ ಷರತ್ತುಗಳ ಮೇಲೆ ಸೇರಿಸಿಕೊಂಡರು: ಮೊದಲ ವರ್ಷ ಪರೀಕ್ಷಾರ್ಥ, ಮಾರ್ಗದರ್ಶಕರು ಹೇಳಿದರೆ ರಾತ್ರಿಯೂ ಕೆಲಸ, ಪ್ರಯೋಗಾಲಯದ ವಾತಾವರಣ ಆಕೆಯಿಂದ ಕೆಡಬಾರದು. ಆ ಅವಮಾನವನ್ನು ಆಕೆ ಕೊನೆಯವರೆಗೂ ಮರೆಯಲಿಲ್ಲ. ರಾಮನ್ ದೊಡ್ಡವರೆಂದು ಇದನ್ನು ಮೆದುಗೊಳಿಸಿ ಹೇಳಬೇಕಾದ್ದಿಲ್ಲ.

ಆದರೆ ಶಿಕ್ಷಕರಾದ ನಮಗೆ ಇಲ್ಲಿ ಹೆಚ್ಚು ಬೇಕಾದವರು ಮಾರ್ಗದರ್ಶಕ ಎಂ. ಶ್ರೀನಿವಾಸಯ್ಯ. ಅವರು ಕಟ್ಟುನಿಟ್ಟಿನವರು, ಜೊತೆಗೆ ಕಲಿಸುವವರು. ಅವರ ಕೈಕೆಳಗೆ ಕಮಲಾ ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನುಗಳ ಮೇಲೆ ದುಡಿದರು. ವರ್ಷ ಮುಗಿಯುವಾಗ ರಾಮನ್‌ಗೆ ತೃಪ್ತಿಯಾಗಿತ್ತು. ಮುಂದೆ ಬೇರೆ ಹೆಣ್ಣುಮಕ್ಕಳಿಗೂ ಅಲ್ಲಿ ಪ್ರವೇಶ ಸಿಕ್ಕಿತು. 1936ರಲ್ಲಿ ಕಮಲಾ ಎಂ.ಎಸ್ಸಿ. ಪಡೆದರು.

ಬಳಿಕ ಕೇಂಬ್ರಿಜ್. ಅಲ್ಲಿ ಡೆರೆಕ್ ರಿಕ್ಟರ್, ಆಮೇಲೆ ರಾಬಿನ್ ಹಿಲ್ ಅವರ ಜೊತೆ ಕೆಲಸ. ಜೀವಕೋಶದ ಉಸಿರಾಟದಲ್ಲಿ ಎಲೆಕ್ಟ್ರಾನುಗಳನ್ನು ದಾಟಿಸುವ ಸೈಟೋಕ್ರೋಮ್ ಸಿ ಸಸ್ಯದ ಅಂಗಾಂಶದಲ್ಲೂ ಇದೆ ಎಂದು ಆಕೆ ತೋರಿಸಿದರು; ಆರಂಭ ಆಲೂಗೆಡ್ಡೆಯಿಂದ. 1939ರಲ್ಲಿ ಪಿಎಚ್.ಡಿ. ಬಂತು. ಪ್ರಬಂಧ ನಲವತ್ತೇ ಪುಟ. (ಬಿ.ಎಡ್. ಕಿರುಯೋಜನೆಗೆ ನೂರು ಪುಟ ತುಂಬಿಸುವವರು ಗಮನಿಸಿ.) ವಿಜ್ಞಾನದಲ್ಲಿ ಪಿಎಚ್.ಡಿ. ಪಡೆದ ಮೊದಲ ಭಾರತೀಯ ಮಹಿಳೆ ಎಂದು ಆಕೆಯನ್ನು ಕರೆಯುತ್ತಾರೆ. ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಮಿಚಿಗನ್‌ನಲ್ಲಿ 1931ರಲ್ಲೇ ಡಾಕ್ಟರೇಟ್ ಗಳಿಸಿದ್ದರಿಂದ ನಾನು ಆ 'ಮೊದಲ' ಎಂಬ ಪದವನ್ನು ಪಾಠಯೋಜನೆಯಲ್ಲಿ ಕಂಡರೆ ಕೆಳಗೆ ಗೆರೆ ಎಳೆಯುತ್ತೇನೆ.

ಅದೇ ವರ್ಷ ಭಾರತಕ್ಕೆ ಮರಳಿ ದೆಹಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜು, ಅನಂತರ ಕೂನೂರಿನ ಪೋಷಣಾ ಸಂಶೋಧನಾಲಯ. 1947ರಲ್ಲಿ ಎಂ.ವಿ. ಸೊಹೊನಿಯವರನ್ನು ಮದುವೆಯಾಗಿ ಮುಂಬೈಗೆ ಬಂದು ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್ ಸೇರಿದರು. ಈಗ ಆಕೆಯೇ ಮಾರ್ಗದರ್ಶಕಿ. ಸಂಶೋಧನಾ ವಿದ್ಯಾರ್ಥಿಗಳಿಗೆ ಕೊಟ್ಟ ವಿಷಯಗಳು ಬಡವರ ತಟ್ಟೆಯಿಂದ ಬಂದವು: ಬೇಳೆಕಾಳು, ಬೆಲ್ಲ, ನೀರಾ. ನೀರಾದ ಪೋಷಕಾಂಶಗಳ ಅಧ್ಯಯನಕ್ಕೆ ರಾಷ್ಟ್ರಪತಿ ಪುರಸ್ಕಾರ ಸಿಕ್ಕಿತು.

ನನ್ನ ಮೆಚ್ಚಿನದು ಅವರೆಯ ಕೆಲಸ. ಪ್ರೋಟೀನನ್ನು ಜೀರ್ಣಿಸುವ ಟ್ರಿಪ್ಸಿನ್ ಎಂಬ ಕಿಣ್ವವನ್ನು ತಡೆಯುವ ವಸ್ತುವೊಂದು ಅವರೆಕಾಳಿನಲ್ಲಿದೆ. ಅದನ್ನು ಹರಳಿನ ರೂಪದಲ್ಲಿ ಬೇರ್ಪಡಿಸಿದ ವರದಿ 1955ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಇಂಥ ತಡೆವಸ್ತುಗಳ ಶಕ್ತಿ ಬೇಯಿಸಿದಾಗ ಬಹುಪಾಲು ಕುಂದುತ್ತದೆ. ಕಾಳನ್ನು ಚೆನ್ನಾಗಿ ಬೇಯಿಸಬೇಕು ಏಕೆ ಎಂದು ಎಂಟನೆಯ ತರಗತಿಯಲ್ಲಿ ಕೇಳಿ ನೋಡಿ. ಹಿತಕಿದ ಬೇಳೆ ಸಾರಿನಿಂದ ಕಿಣ್ವದವರೆಗೆ ಮಕ್ಕಳೇ ನಿಮ್ಮನ್ನು ಕರೆದೊಯ್ಯುತ್ತಾರೆ. ಕಮಲಾ ಅವರ ಹೆಸರು ಆಗ ಬರಲಿ, ನಿರಾಕರಣೆಯ ಕಥೆ ಅದರ ಹಿಂದೆ.

ಸಂಸ್ಥೆಯ ನಿರ್ದೇಶಕಿಯ ಸ್ಥಾನ ಆಕೆಗೆ ತಡವಾಗಿ ದೊರೆಯಿತು. ಬಳಕೆದಾರರ ಸಂಘಟನೆಯೊಂದನ್ನು ಕಟ್ಟಿದ ಮಹಿಳೆಯರಲ್ಲೂ ಆಕೆ ಒಬ್ಬರು. ಅದರ ಪತ್ರಿಕೆಗೆ ಗ್ರಾಹಕರ ಸುರಕ್ಷತೆಯ ಬಗ್ಗೆ ಬರೆಯುತ್ತಿದ್ದರು. 1998ರಲ್ಲಿ ದೆಹಲಿಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸನ್ಮಾನ ಸಮಾರಂಭದಲ್ಲಿ ಕುಸಿದುಬಿದ್ದು, ಸ್ವಲ್ಪ ಸಮಯದಲ್ಲೇ ತೀರಿಕೊಂಡರು.