ತೀರ್ಥಪ್ರಬಂಧಕಾರ ಶ್ರೀ ವಾದಿರಾಜತೀರ್ಥರು

ದ್ವೈತ ವೇದಾಂತಕ್ಕೂ ಹರಿದಾಸ ಸಾಹಿತ್ಯಕ್ಕೂ ಸಮಾನವಾಗಿ ಸೇವೆ ಸಲ್ಲಿಸಿದ ಮಹಾನುಭಾವರಲ್ಲಿ ಶ್ರೀ ವಾದಿರಾಜತೀರ್ಥ ಶ್ರೀಪಾದಂಗಳವರು ಅಗ್ರಗಣ್ಯರು. ಸಂಪ್ರದಾಯದ ಗಣನೆಯಂತೆ 1480ರಲ್ಲಿ, ಉಡುಪಿ ಸೀಮೆಯ ಕುಂಭಾಶಿಗೆ ಸಮೀಪದ ಹೂವಿನಕೆರೆಯಲ್ಲಿ ಅವರ ಅವತಾರವಾಯಿತು. ಪೂರ್ವಾಶ್ರಮದ ನಾಮಧೇಯ ಭೂವರಾಹ. ಎಂಟನೆಯ ವಯಸ್ಸಿನಲ್ಲಿಯೇ ಶ್ರೀ ವಾಗೀಶತೀರ್ಥರಿಂದ ಸನ್ಯಾಸಾಶ್ರಮ ಸ್ವೀಕರಿಸಿ, ಶ್ರೀ ಹಯಗ್ರೀವ ದೇವರ ಪರಮೋಪಾಸಕರಾದರು. ಅವರ ಕನ್ನಡ ಕೃತಿಗಳ ಅಂಕಿತವೂ ಹಯವದನ. ಮದುವೆಯ ಮನೆಗಳಲ್ಲಿ ಇಂದಿಗೂ ಮುತ್ತೈದೆಯರು ಹಾಡುವ ಲಕ್ಷ್ಮೀಶೋಭಾನೆ ಅವರದೇ ರಚನೆ.

ಉಡುಪಿಯ ಅಷ್ಟಮಠಗಳಲ್ಲಿ ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಶ್ರೀಕೃಷ್ಣಪೂಜಾ ಪರ್ಯಾಯವನ್ನು ಎರಡು ವರ್ಷಗಳಿಗೆ ವಿಸ್ತರಿಸಿದವರು ಶ್ರೀ ವಾದಿರಾಜರು. ಹಿಂದಿನ ಕ್ರಮದಲ್ಲಿ ಎರಡು ಸರದಿಗಳ ನಡುವೆ ಯತಿಗಳಿಗೆ ದೊರೆಯುತ್ತಿದ್ದುದು 14 ತಿಂಗಳ ಬಿಡುವು ಮಾತ್ರ. ಕಾಲ್ನಡಿಗೆಯ ಆ ಕಾಲದಲ್ಲಿ ದೂರದ ಯಾತ್ರೆಗೆ ಅದು ಸಾಲದು. ಹೊಸ ಕ್ರಮದಿಂದ ಆ ಬಿಡುವು 14 ವರ್ಷಗಳಾಗಿ, ದೇಶಸಂಚಾರಕ್ಕೂ ಧರ್ಮಪ್ರಸಾರಕ್ಕೂ ದಾರಿ ತೆರೆಯಿತು.

ಶ್ರೀಗಳ ತೀರ್ಥಯಾತ್ರೆಯ ಫಲವೇ ತೀರ್ಥಪ್ರಬಂಧವೆಂಬ ಸಂಸ್ಕೃತ ಕಾವ್ಯ. ಪಶ್ಚಿಮ, ಉತ್ತರ, ಪೂರ್ವ, ದಕ್ಷಿಣವೆಂಬ ನಾಲ್ಕು ಭಾಗಗಳಲ್ಲಿ ಅದು ಭರತಖಂಡಕ್ಕೆ ಪ್ರದಕ್ಷಿಣೆ ಬರುತ್ತದೆ. ನೇತ್ರಾವತಿ, ಕುಮಾರಧಾರೆ, ತುಂಗಭದ್ರೆ, ಪಂಢರಪುರ, ಪ್ರಯಾಗ, ಬದರಿ, ತಿರುಪತಿ, ಶ್ರೀರಂಗಗಳೆಲ್ಲ ಅದರಲ್ಲಿ ಸ್ತುತಿಗೊಂಡಿವೆ. ಕವಿಯ ದೃಷ್ಟಿಯಲ್ಲಿ ಯಾವ ನದಿಯೂ ಇನ್ನೊಂದರಂತಿಲ್ಲ. ತುಂಗೆಯನ್ನು ವರ್ಣಿಸುವಾಗ ಎತ್ತರವೆಂಬ ಅರ್ಥದ ಅವಳ ಹೆಸರನ್ನೇ ಅವಳ ಎತ್ತರದ ಅಲೆಗಳೊಡನೆ ಹೆಣೆದಿದ್ದಾರೆ.

ಇದು ಕೇವಲ ಕಾವ್ಯಚಮತ್ಕಾರವಲ್ಲ. ಜಗತ್ತು ಸತ್ಯ, ಭೇದವೂ ಸತ್ಯ ಎಂಬುದು ಶ್ರೀಮದಾಚಾರ್ಯರ ಸಿದ್ಧಾಂತ. ಒಂದು ಜಡವಸ್ತು ಇನ್ನೊಂದರಿಂದ ಭಿನ್ನವೆಂಬುದೂ ಪಂಚಭೇದಗಳಲ್ಲಿ ಒಂದು. ಆದ್ದರಿಂದ ಗಿರಿ, ನದಿ, ಸಾಗರಗಳ ವೈವಿಧ್ಯ ಭ್ರಮೆಯಲ್ಲ. ಸರ್ವತಂತ್ರಸ್ವತಂತ್ರನಾದ ಶ್ರೀಹರಿಯ ಮಹಿಮೆಗೆ ಸಾಕ್ಷಿ. ಯುಕ್ತಿಮಲ್ಲಿಕಾ ಗ್ರಂಥದಲ್ಲಿ ತರ್ಕದಿಂದ ಸಿದ್ಧಾಂತವನ್ನು ಸಮರ್ಥಿಸಿದ ಅದೇ ಯತಿವರ್ಯರು ಇಲ್ಲಿ ಪ್ರಕೃತಿಯ ಸೊಬಗನ್ನು ಕಂಡು, ಅದರ ಹಿಂದಿನ ಸೃಷ್ಟಿಕರ್ತನಿಗೆ ಕೈಮುಗಿದಿದ್ದಾರೆ.

ಉತ್ತರ ಕನ್ನಡದ ಕಾಡಿನ ನಡುವಿನ ಸೋದೆಯು ಅವರ ಸಾಧನೆಯ ನೆಲೆಯಾಯಿತು. ಅಲ್ಲಿಯೇ, 1600ರ ಫಾಲ್ಗುಣ ಬಹುಳ ತದಿಗೆಯಂದು, 120 ವರ್ಷಗಳ ಪೂರ್ಣಾಯುಷ್ಯದಲ್ಲಿ ಅವರು ಬೃಂದಾವನ ಪ್ರವೇಶ ಮಾಡಿದರೆಂಬುದು ಸಂಪ್ರದಾಯದ ನಂಬಿಕೆ. ದೇಶದ ನದಿಗಳನ್ನೆಲ್ಲ ಹಾಡಿದ ಆ ಮಹಾಸ್ವಾಮಿಗಳ ಬೃಂದಾವನದ ಬಳಿ ಇಂದಿಗೂ ಧವಳಗಂಗೆಯ ತಿಳಿನೀರಿದೆ. ಹುಟ್ಟೂರಿನಿಂದ ದೂರ ನೆಲೆಸಿದ ಭಕ್ತರು ಯಾವ ನದಿಯನ್ನು ದಾಟಿದರೂ ಕ್ಷಣಕಾಲ ನಿಂತು ನೋಡಿ ಶ್ರೀಹರಿಯನ್ನು ಸ್ಮರಿಸಿದರೆ, ಅದೇ ಶ್ರೀ ವಾದಿರಾಜರಿಗೆ ಸಲ್ಲುವ ಸೇವೆ.

|| ಶ್ರೀಕೃಷ್ಣಾರ್ಪಣಮಸ್ತು ||